ಮುಸ್ತಫಾನ ಡಬ್ಬಿಗೆ ಟಿವಿ ಮೆಕ್ಯಾನಿಕ್

ವಿಡಿಯೋ ಗೇಮ್ ಡಬ್ಬಿ ಕೆಟ್ಟಾಗ ನಮ್ಮ ಕಡೆ ಯಾರೂ ಗೇಮ್ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗಲಿಲ್ಲ. ಅಂಥವನೊಬ್ಬ ಇದ್ದರಲ್ಲವೇ ಹೋಗುವುದು! ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರೇಡಿಯೋ, ಟೇಪು, ಟಿವಿ ಬಿಚ್ಚಿಕೊಂಡು ಕೂತಿರುತ್ತಿದ್ದ ಮೆಕ್ಯಾನಿಕ್‌ಗೇ ಕರೆ ಹೋಗುತ್ತಿತ್ತು. ಅವನು ಬಂದು ಹಿಂದಿನ ಪ್ಲೈವುಡ್ ಬಾಗಿಲು ತೆಗೆದರೆ ಒಳಗಿರುತ್ತಿದ್ದುದು ಅವನಿಗೆ ಗೊತ್ತಿದ್ದ ಸಾಮಾನೇ. ಇಪ್ಪತ್ತೊಂದು ಇಂಚಿನ ಕಲರ್ ಪಿಕ್ಚರ್ ಟ್ಯೂಬು, ಅದರ ಕುತ್ತಿಗೆಗೆ ತಾಮ್ರದ ಸುರುಳಿ, ಕೆಳಗೆ ಟಿವಿಯದೇ ಕಿಟ್ಟು, ಅಂದರೆ ಸರ್ಕ್ಯೂಟ್ ಬೋರ್ಡು. ಪಕ್ಕದಲ್ಲಿ ಮೊಳೆ ಹೊಡೆದು ನಿಲ್ಲಿಸಿದ ಇನ್ನೊಂದು ಬೋರ್ಡ್, ಅದು ಆಟ. ಆಟದ ಬೋರ್ಡಿನ ಗೊಡವೆಗೆ ಅವನು ಹೋಗುತ್ತಿರಲಿಲ್ಲ, ಹೋಗಬೇಕಾಗುತ್ತಲೂ ಇರಲಿಲ್ಲ. ಹತ್ತರಲ್ಲಿ ಎಂಟು ಸಲ ಕೆಡುತ್ತಿದ್ದುದು ಟಿವಿಯೇ.

ತೊಂಬತ್ತರ ದಶಕದಲ್ಲಿ ಒಂದು ರೂಪಾಯಿ ಹಿಡಿದು ಇಂಥ ಡಬ್ಬಿಯ ಮುಂದೆ ಸರತಿಯಲ್ಲಿ ನಿಂತವರಿಗೆ ಆಟದ ನಿಜವಾದ ಹೆಸರು ಬೇಕಾಗಿರಲಿಲ್ಲ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಇಂಡಿಯಾದ ತುಂಬ ‘ಮುಸ್ತಫಾ’ ಆಯಿತು. ನಾಲ್ಕು ಜನ ವೀರರಲ್ಲಿ ಹಳದಿ ಟೋಪಿಯವನ ಹೆಸರು ಅದು. ಓಡಿ ಬಂದು ಒದೆಯುವುದರಲ್ಲಿ ಅವನೇ ಮುಂದು, ಹಾಗಾಗಿ ಎಲ್ಲರಿಗೂ ಅವನೇ ಬೇಕು. ಕಂಪನಿ ಮಾಡಿದ ಅಸಲಿ ಕ್ಯಾಬಿನೆಟ್ ನಮ್ಮ ಸಣ್ಣ ಊರುಗಳಿಗೆ ಬಂದದ್ದು ಕಡಿಮೆ. ಬಂದದ್ದು ಬೋರ್ಡು, ಅದೂ ಬಹುಪಾಲು ನಕಲಿ. ಉಳಿದದ್ದೆಲ್ಲ ಇಲ್ಲಿಯದೇ: ಬಡಿಗ ಮಾಡಿದ ಪೆಟ್ಟಿಗೆ, ಅದಕ್ಕೆ ಅಂಟಿಸಿದ ಸನ್‌ಮೈಕಾ, ಟಿವಿ ಮೆಕ್ಯಾನಿಕ್ ಕೂರಿಸಿದ ಟ್ಯೂಬು.

ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ ಅಂಥದೊಂದು ಡಬ್ಬಿ ಪರಿಚಯದವರೊಬ್ಬರ ಅಂಗಡಿಯ ಹಿಂದೆ ಗೋಣಿಚೀಲದ ಕೆಳಗೆ ಉಳಿದುಕೊಂಡಿತ್ತು. ದಡ್ಡಿ ಎಂದರೆ ಘಟಪ್ರಭೆಯ ಕಡೆಯ, ಹಿಡಕಲ್ ಜಲಾಶಯದ ಮೇಲಿನ ಸೀಮೆ. ಮಹಾರಾಷ್ಟ್ರದ ಗಡಿ ಹತ್ತಿರ, ಮಳೆಯೂ ಹೆಚ್ಚು. ಭಾವೇಶ್ವರಿ ಜಾತ್ರೆಗೆ ಗಡಿಯ ಆಚೆಯಿಂದಲೂ ಜನ ಬರುತ್ತಾರೆ. ಈ ಸಲ ಜಾತ್ರೆಗೆ ಊರಿಗೆ ಬರುವ ಮೊಮ್ಮಕ್ಕಳಿಗೆ ಅದನ್ನು ಚಾಲೂ ಮಾಡಿ ತೋರಿಸಬೇಕು ಎಂಬುದು ಯಜಮಾನರ ಆಸೆ. ಸಂಕೇಶ್ವರದ ಕಡೆಯಿಂದ ಒಬ್ಬ ಹಳೆಯ ಮೆಕ್ಯಾನಿಕ್ ಬರಲು ಒಪ್ಪಿದರು. ಅವರನ್ನು ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕೈಯಲ್ಲಿ ಒಂದು ರೆಕ್ಸಿನ್ ಚೀಲ, ಅದರಿಂದ ಹೊರಗೆ ಇಣುಕುತ್ತಿದ್ದ ಬಲ್ಬಿನ ಹೋಲ್ಡರು.

ಕಾಕಾ ಮೊದಲು ಮಾಡಿದ ಕೆಲಸ ಪ್ಲಗ್ ಹಾಕುವುದಲ್ಲ, ಮೂಸಿ ನೋಡುವುದು. ಡಬ್ಬಿಯೊಳಗೆ ತಲೆ ಹಾಕಿ ಸುಟ್ಟ ವಾಸನೆ ಇದೆಯೇ ಎಂದು ನೋಡಿದರು. ಆಮೇಲೆ ಬ್ಯಾಟರಿ ಬಿಟ್ಟು ಕಿಟ್ಟಿನ ಮೇಲೆಲ್ಲ ಕಣ್ಣಾಡಿಸಿದರು. ತಲೆ ಉಬ್ಬಿದ ಕಪಾಸಿಟರ್, ಕಪ್ಪಾದ ರೆಸಿಸ್ಟರ್, ಇಲಿ ಕಡಿದ ವೈರು, ಹಲ್ಲಿಯ ಹಿಕ್ಕೆ. ಹಲ್ಲಿಯ ಮಾತು ಚೇಷ್ಟೆಯಲ್ಲ. ಬೆಚ್ಚಗಿರುವ ಕಿಟ್ಟಿನ ಮೇಲೆ ಬಂದು ಎರಡು ಕಾಲನ್ನು ಎರಡು ಟ್ರ್ಯಾಕಿನ ಮೇಲೆ ಇಟ್ಟ ಹಲ್ಲಿ ತಾನೂ ಸಾಯುತ್ತದೆ, ಸೆಟ್ಟನ್ನೂ ಸಾಯಿಸುತ್ತದೆ. ಟಿವಿ ರಿಪೇರಿ ಮಾಡಿದವರನ್ನು ಯಾರನ್ನೇ ಕೇಳಿ, ಒಂದಾದರೂ ಹಲ್ಲಿಯ ಕತೆ ಸಿಗುತ್ತದೆ.

ಎರಡನೆಯ ಕೆಲಸ ಟ್ಯೂಬಿನ ವಿಷ ಇಳಿಸುವುದು. ಟ್ಯೂಬಿನ ಹೊಟ್ಟೆಯ ಮೇಲೆ ರಬ್ಬರಿನ ಟೊಪ್ಪಿಗೆಯ ಕೆಳಗೆ ಒಂದು ಗುಂಡಿ ಇರುತ್ತದೆ. ಸೆಟ್ ನಡೆಯುವಾಗ ಇಪ್ಪತ್ತೊಂದು ಇಂಚಿನ ಕಲರ್ ಟ್ಯೂಬಿನಲ್ಲಿ ಅಲ್ಲಿ 25,000 ವೋಲ್ಟಿನ ಆಸುಪಾಸು. ಟ್ಯೂಬಿನ ಗಾಜೇ ಒಂದು ದೊಡ್ಡ ಕಪಾಸಿಟರ್ ಆಗಿ ಕೆಲಸ ಮಾಡುವುದರಿಂದ ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಅಲ್ಲೇ ಕೂತಿರಬಹುದು. ಕಾಕಾ ಉದ್ದ ಸ್ಕ್ರೂಡ್ರೈವರಿಗೆ ವೈರು ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಹಿಂದೆ ಹಾದುಹೋಗುವ ಹೆಣೆದ ಅರ್ಥ್ ತಂತಿಗೆ ಕಚ್ಚಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೊಂದು ಕೈಯಿಂದ ರಬ್ಬರಿನ ಕೆಳಗೆ ತೂರಿಸಿದರು. ವರ್ಷಗಟ್ಟಲೆ ಬಂದ್ ಇದ್ದ ಸೆಟ್ಟು, ಚಟ್ ಅನ್ನಲಿಲ್ಲ. ಆದರೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮುಟ್ಟಿಸಿದರು. ಇಳಿಸಿದ ಮೇಲೂ ಟ್ಯೂಬಿನ ಗಾಜಿನಿಂದ ಸ್ವಲ್ಪ ಸ್ವಲ್ಪ ವಿದ್ಯುತ್ತು ಮತ್ತೆ ಮೇಲೆ ಬರುತ್ತದೆ, ಅದಕ್ಕೆ. ಹೊಸಬರು ಹೆದರುವುದು ಈ ಗುಂಡಿಗೆ. ಅನುಭವಸ್ಥರು ಅದಕ್ಕಿಂತ ಹೆಚ್ಚು ಎಚ್ಚರ ವಹಿಸುವುದು ಪವರ್ ಸಪ್ಲೈಯ ದೊಡ್ಡ ಕಪಾಸಿಟರಿಗೆ. 300 ವೋಲ್ಟಿನ ಮೇಲಿರುವ ಅದು ಸದ್ದಿಲ್ಲದೆ ಕೂತಿರುತ್ತದೆ, ಹಿಡಿದರೆ ಬಿಡುವುದಿಲ್ಲ.

ಇನ್ನು ಪ್ಲಗ್. ಅದನ್ನೂ ಗೋಡೆಗೆ ನೇರ ಹಾಕಲಿಲ್ಲ. ಚೀಲದಿಂದ ಹೊರಬಂದದ್ದು ಸೀರೀಸ್ ಬೋರ್ಡ್: ಒಂದು ಹಲಗೆ, ಒಂದು ಹೋಲ್ಡರು, 100 ವ್ಯಾಟಿನ ಹಳೆಯ ಬುರುಡೆ ಬಲ್ಬು, ಒಂದು ಸಾಕೆಟ್ಟು. ಸೆಟ್ಟಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಭಾರವನ್ನು ತಾನು ಹೊರುತ್ತದೆ, ಸೆಟ್ಟಿನ ಒಳಗೆ ಇನ್ನೊಂದು ಪಾರ್ಟ್ ಸುಡುವುದಿಲ್ಲ. ಎಲ್ಲ ಸರಿ ಇದ್ದರೆ ಒಂದು ಸಲ ಬೆಳಗಿ ಮಬ್ಬಾಗುತ್ತದೆ. ಸಾವಿರಾರು ರೂಪಾಯಿಯ ಯಂತ್ರ ಹೇಳುವಷ್ಟನ್ನೇ ಈ ಬಲ್ಬು ಹೇಳುತ್ತದೆ. ಈಗ ಎಲ್‌ಇಡಿ ಬಂದು ಬುರುಡೆ ಬಲ್ಬು ಸಿಗುವುದೇ ಕಷ್ಟವಾಗಿರುವುದರಿಂದ ಕಾಕಾ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ತರುತ್ತಾರೆ.

“ಸೆಟ್ ಕಡೆ ನೋಡಬ್ಯಾಡ್ರಿ, ಬಲ್ಬ್ ಕಡೆ ನೋಡ್ರಿ,” ಅಂದರು. ಬಲ್ಬು ಝಗ್ಗನೆ ಉರಿಯಿತು, ಉರಿಯುತ್ತಲೇ ಇತ್ತು. ಕಾಕಾ ಸ್ವಿಚ್ ತೆಗೆದರು.

ಮೀಟರು ಹಚ್ಚಿ ನೋಡಿದಾಗ ಸತ್ತದ್ದು ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್. ಪಿಕ್ಚರ್ ಟ್ಯೂಬಿನ ಸೆಟ್ಟಿನಲ್ಲಿ ಇದರಷ್ಟು ದುಡಿಯುವ ಪಾರ್ಟು ಇನ್ನೊಂದಿಲ್ಲ. ಏಕೆಂದು ತಿಳಿಯಬೇಕಾದರೆ ಟ್ಯೂಬಿನೊಳಗೆ ನಡೆಯುವುದನ್ನು ಒಮ್ಮೆ ನೋಡಬೇಕು. ಕುತ್ತಿಗೆಯ ತುದಿಯಲ್ಲಿ ಕಾದ ಮೂರು ಕ್ಯಾಥೋಡ್‌ಗಳಿಂದ ಎಲೆಕ್ಟ್ರಾನುಗಳು ಹೊರಟು ಪರದೆಯ ಒಳಬದಿಗೆ ಬಳಿದ ಕೆಂಪು, ಹಸಿರು, ನೀಲಿ ಫಾಸ್ಫರಿಗೆ ಬಡಿದಾಗ ಬೆಳಕು. ಬಡಿಯುವುದು ಒಂದೇ ಬಿಂದುವಿಗೆ. ಆ ಬಿಂದುವನ್ನು ಇಡೀ ಪರದೆಯ ಮೇಲೆ ಓಡಿಸುವುದು ಕುತ್ತಿಗೆಗೆ ಸುತ್ತಿದ ಯೋಕ್‌ನ ಅಯಸ್ಕಾಂತ. ರಂಟೆ ಹೊಡೆಯುವವನ ಹಾಗೆ ಎಡದಿಂದ ಬಲಕ್ಕೆ ಒಂದು ಸಾಲು, ಆದರೆ ಸಾಲಿನ ಕೊನೆಗೆ ಎತ್ತು ತಿರುಗಿಸುವ ಕೆಲಸವಿಲ್ಲ, ಹಾರಿ ಮತ್ತೆ ಎಡಕ್ಕೇ ಬಂದು ಕೆಳಗಿನ ಸಾಲು. ನಮ್ಮ ಟಿವಿಯಲ್ಲಿ ಸೆಕೆಂಡಿಗೆ ಇಂಥ 15,625 ಸಾಲು. ಪ್ರತಿ ಸಾಲಿಗೂ ಯೋಕ್‌ನೊಳಗಿನ ಕರೆಂಟನ್ನು ಎಳೆದು, ಕೊನೆಯಲ್ಲಿ ಥಟ್ಟನೆ ಕಡಿಯುವವನು ಈ ಟ್ರಾನ್ಸಿಸ್ಟರ್. ಕಡಿದಾಗ ಏಳುವ ಸಾವಿರ ವೋಲ್ಟಿನ ಏಟನ್ನೇ ಎಲ್‌ಓಟಿ ಎಂಬ ಕಪ್ಪು ಟ್ರಾನ್ಸ್‌ಫಾರ್ಮರು ಹಿಡಿದು 25,000ಕ್ಕೆ ಏರಿಸಿ ಟ್ಯೂಬಿಗೆ ಕಳಿಸುತ್ತದೆ. ಒಂದೇ ಏಟಿನಲ್ಲಿ ಸಾಲೂ ಆಯಿತು, ಹೈ ವೋಲ್ಟೇಜೂ ಆಯಿತು. ಜಿಪುಣರು ಕೂತು ಯೋಚಿಸಿದ ಡಿಸೈನು ಅನ್ನಬೇಕು.

ಸತ್ತದ್ದನ್ನು ಕಿತ್ತು ಹೊಸದು ಹಾಕಿದರೆ ರಿಪೇರಿ ಮುಗಿಯಿತು ಅನ್ನುವವನು ಮಾರನೆಯ ದಿನ ಮತ್ತೆ ಬರಬೇಕಾಗುತ್ತದೆ. ಕಾಕಾ ಟ್ರಾನ್ಸಿಸ್ಟರನ್ನು ಅಂಗೈ ಮೇಲಿಟ್ಟು ತೋರಿಸಿದರು. “ಇದು ತಾನಾಗೇ ಸಾಯೂದಿಲ್ಲ್ರಿ, ಯಾರೋ ಕೊಂದಿರ್ತಾರ. ಕೊಂದಾವ್ರನ್ನ ಹಿಡಿಲಾರದ ಹೊಸಾದು ಹಾಕಿದ್ರ ಅದೂ ಸಾಯ್ತೈತಿ.” ಕೊಲ್ಲುವವರು ಕೆಲವರೇ. ಎಲ್‌ಓಟಿಯ ಒಳಗೇ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿರಬಹುದು. ಅದರ ಪಕ್ಕದ 1,600 ವೋಲ್ಟಿನ ಕಪಾಸಿಟರ್ ಓಪನ್ ಆಗಿ ಏಟಿನ ಎತ್ತರ ಮಿತಿ ಮೀರಿರಬಹುದು. ಪವರ್ ಸಪ್ಲೈಯಿಂದ ಬರುವ ಬಿ ಪ್ಲಸ್ 110 ವೋಲ್ಟಿನ ಸುತ್ತಮುತ್ತ ಇರಬೇಕಾದದ್ದು 150 ದಾಟಿರಬಹುದು. ಡ್ರೈವರ್ ಟ್ರಾನ್ಸ್‌ಫಾರ್ಮರಿನ ಕಾಲಿಗೆ ಡ್ರೈ ಸೋಲ್ಡರ್ ಆಗಿರಬಹುದು. ನಮ್ಮ ಡಬ್ಬಿಯ ಕೊಲೆಗಾರ ಈ ಕೊನೆಯವನು. ಭೂತಗನ್ನಡಿ ಹಿಡಿದು ನೋಡಿದರೆ ಟ್ರಾನ್ಸ್‌ಫಾರ್ಮರಿನ ಒಂದು ಕಾಲಿನ ಸುತ್ತ ಕೂದಲೆಳೆಯ ಉಂಗುರ. ಕಾದು ತಣಿದು, ಕಾದು ತಣಿದು ಬೆಸುಗೆ ಒಡೆದಿತ್ತು. ಸಂಪರ್ಕ ಬಿಟ್ಟುಬಿಟ್ಟು ಬಂದರೆ ಟ್ರಾನ್ಸಿಸ್ಟರು ಪೂರ್ತಿ ತೆರೆಯದೆ ಪೂರ್ತಿ ಮುಚ್ಚದೆ ನಡುವೆ ನಿಂತು ಸುಟ್ಟುಹೋಗುತ್ತದೆ. ಹಳೆಯ ಬೆಸುಗೆ ಎಳೆದು ತೆಗೆದು, ಕಾಲು ಕೆರೆದು, ಪೇಸ್ಟ್ ಹಚ್ಚಿ ಹೊಸದಾಗಿ ಬೆಸೆದರು. ಅದಕ್ಕೊಂದೇ ಅಲ್ಲ, ಭಾರ ಹೊರುವ ಎಲ್ಲ ಕಾಲುಗಳಿಗೂ: ಎಲ್‌ಓಟಿ, ಯೋಕ್ ಸಾಕೆಟ್, ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿಯ ಮೇಲಿನ ಐಸಿಗಳು.

ಹೊಸ ಟ್ರಾನ್ಸಿಸ್ಟರು ಹಾಕುವ ಮೊದಲು ಬಿ ಪ್ಲಸ್‌ಗೆ ಇನ್ನೊಂದು 60 ವ್ಯಾಟಿನ ಬಲ್ಬು ಕಟ್ಟಿ ವೋಲ್ಟೇಜು ಅಳೆದರು. ಸರಿ ಇತ್ತು. ಹೊಸದನ್ನು ಹುಡುಕುವುದೇ ಇವತ್ತಿನ ದೊಡ್ಡ ಕೆಲಸ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಇನ್ನೂ ಸಿಗುತ್ತದೆ, ಆದರೆ ಅಸಲಿ ಯಾವುದು ಡುಪ್ಲಿಕೇಟ್ ಯಾವುದು ಎಂದು ಅಕ್ಷರ ನೋಡಿ ಹೇಳಲಾಗದು. ಮೇಲೆ ದೊಡ್ಡ ಕಂಪನಿಯ ನಂಬರು ಅಚ್ಚಾಗಿರುತ್ತದೆ, ಒಳಗೆ ಕಾಳಿನಷ್ಟು ಸಿಲಿಕಾನು. ಕಾಕಾ ಹೊಸದನ್ನು ನಂಬುವುದಿಲ್ಲ. ಗುಜರಿಗೆ ಬಂದ ಹಳೆಯ ಸೆಟ್ಟುಗಳಿಂದ ಕಿತ್ತ ಪಾರ್ಟುಗಳನ್ನು ಅವರು ಕರದಂಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಇಪ್ಪತ್ತು ವರ್ಷ ನಡೆದ ಟ್ರಾನ್ಸಿಸ್ಟರಿಗಿಂತ ದೊಡ್ಡ ಗ್ಯಾರಂಟಿ ಯಾವುದು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ.

ಕರದಂಟಿನ ಡಬ್ಬಿಯಿಂದ ಒಂದನ್ನು ಹುಡುಕಿ ಹಾಕಿದರು. ಮತ್ತೆ ಸೀರೀಸ್ ಬಲ್ಬು. ಈ ಸಲ ಬೆಳಗಿತು, ಮಬ್ಬಾಯಿತು. ಟ್ಯೂಬಿನ ಕುತ್ತಿಗೆಯಲ್ಲಿ ಕಿತ್ತಳೆ ಬಣ್ಣದ ಫಿಲಮೆಂಟು ಕಾಣಿಸಿತು. ಪರದೆಯ ಹತ್ತಿರ ಮುಂಗೈ ಹಿಡಿದರೆ ಕೂದಲು ನೆಟ್ಟಗೆ. ಹೈ ವೋಲ್ಟೇಜು ಬಂತು. ಕೆಲವು ಕ್ಷಣದಲ್ಲಿ ಪರದೆಯ ನಟ್ಟನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ. ಮೇಲೆ ಕೆಳಗೆ ಪೂರ್ತಿ ಕಪ್ಪು. ಯಜಮಾನರ ಮುಖ ಬಾಡಿತು. ಕಾಕಾನ ಮುಖ ಅರಳಿತು, ಯಾಕೆಂದರೆ ಇದಕ್ಕಿಂತ ಸ್ಪಷ್ಟವಾಗಿ ಯಾವ ಯಂತ್ರವೂ ತನ್ನ ರೋಗ ಹೇಳಿಕೊಳ್ಳುವುದಿಲ್ಲ. ಅಡ್ಡ ಓಡಾಟ ನಡೆದಿದೆ, ಮೇಲಿನಿಂದ ಕೆಳಗಿನ ಓಡಾಟ ನಿಂತಿದೆ. ಅಂದರೆ ಕಿಟ್ಟಿನಲ್ಲಿರುವ ಇನ್ನೂರು ಮುನ್ನೂರು ಪಾರ್ಟುಗಳಲ್ಲಿ ನೋಡಬೇಕಾದವು ಹತ್ತು ಹನ್ನೆರಡು.

ಅದಕ್ಕೂ ಮೊದಲು ಅವರ ಕೈ ಹೋದದ್ದು ಎಲ್‌ಓಟಿಯ ಮೇಲಿರುವ ಎರಡು ಗುಬುಟುಗಳಲ್ಲಿ ಕೆಳಗಿನದಕ್ಕೆ, ಸ್ಕ್ರೀನ್ ಅನ್ನುವ ಕಂಟ್ರೋಲಿಗೆ. ಅದನ್ನು ತಿರುಗಿಸಿ ಗೆರೆಯನ್ನು ಕಂಡೂ ಕಾಣದಷ್ಟು ಮಂಕು ಮಾಡಿದರು. ಇಡೀ ಪರದೆಗೆ ಹಂಚಿಹೋಗಬೇಕಾದ ಎಲೆಕ್ಟ್ರಾನುಗಳೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತಿರುವಾಗ ಹಾಗೇ ಬಿಟ್ಟರೆ ಅಲ್ಲಿಯ ಫಾಸ್ಫರು ಸುಟ್ಟು, ಮುಂದೆ ಸೆಟ್ಟು ಎಷ್ಟು ಚೆನ್ನಾಗಿ ನಡೆದರೂ ನಡುವಿನ ಕಲೆ ಹೋಗುವುದಿಲ್ಲ. ಕೈಗುಣ ಅಂತ ನಾವು ಹೇಳುವುದು ಬಹುಪಾಲು ಇಂಥ ಕ್ರಮವನ್ನೇ: ಯಾವುದು ಮೊದಲು, ಯಾವುದು ಆಮೇಲೆ.

ವರ್ಟಿಕಲ್ ಐಸಿಯ ಕಾಲಿಗೆ ಮೀಟರು ಮುಟ್ಟಿಸಿದರೆ 25 ವೋಲ್ಟಿನ ಹತ್ತಿರ ಇರಬೇಕಾದ ಕಡೆ ಸೊನ್ನೆ. ದಾರಿ ಹಿಡಿದು ಹಿಂದೆ ಹೋದರೆ ಒಂದು ಓಮಿನ ಫ್ಯೂಸಿಬಲ್ ರೆಸಿಸ್ಟರ್ ಓಪನ್. ಅದು ತಾನು ಸತ್ತು ಮನೆ ಉಳಿಸುವ ಜಾತಿಯದು. ಅದನ್ನು ಸಾಯಿಸಿದ್ದು ಶಾರ್ಟ್ ಆಗಿದ್ದ ಐಸಿ. ಐಸಿಯನ್ನು ಸಾಯಿಸಿದ್ದು? ಪಕ್ಕದಲ್ಲೇ, ಬಿಸಿ ಪಟ್ಟಿಗೆ ಅಂಟಿಕೊಂಡು ನಿಂತಿದ್ದ ಸಣ್ಣ ಎಲೆಕ್ಟ್ರೋಲಿಟಿಕ್ ಕಪಾಸಿಟರ್. ಈ ಕಪಾಸಿಟರುಗಳ ಒಳಗೆ ದ್ರವ ನೆನೆಸಿದ ಕಾಗದ ಇರುತ್ತದೆ. ವರ್ಷಗಳ ಶಾಖಕ್ಕೆ ಆ ದ್ರವ ಆರುತ್ತದೆ, ಶಕ್ತಿ ಕುಂದುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಅಮೆರಿಕದಲ್ಲಿ ಹಳೆಯ ಆರ್ಕೇಡ್ ಮಾನಿಟರು, ವೆಲ್ಸ್-ಗಾರ್ಡ್ನರ್ ಕಂಪನಿಯ ಕೆ7000ದಂಥದ್ದು, ರಿಪೇರಿಗೆ ಬಂದರೆ ಬೇರೇನೂ ನೋಡದೆ ಎಲ್ಲ ಎಲೆಕ್ಟ್ರೋಲಿಟಿಕ್ ಕಪಾಸಿಟರುಗಳನ್ನೂ ಒಟ್ಟಿಗೆ ಬದಲಿಸುವ ಕಿಟ್ಟೇ ಮಾರುತ್ತಾರೆ. ಕಾಕಾಗೆ ಆ ಪದ್ಧತಿ ಒಪ್ಪಿಗೆಯಿಲ್ಲ. ಬೇನೆ ಎಲ್ಲಿದೆ ಎಂದು ನೋಡದೆ ಎಲ್ಲ ಬದಲಿಸಿದರೆ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ, ಪ್ಲಸ್ಸು ಮೈನಸ್ಸು ಉಲ್ಟಾ ಬೀಳುತ್ತದೆ ಅನ್ನುತ್ತಾರೆ. ನಾನಾದರೆ ಬಿಸಿ ಜಾಗದ ಪಕ್ಕದ ಐದಾರನ್ನು ಕೇಳದೆ ಬದಲಿಸುತ್ತೇನೆ. ಆ ವಾದ ಚಹಾ ಬರುವವರೆಗೆ ನಡೆಯಿತು.

ಐಸಿ, ರೆಸಿಸ್ಟರ್, ಕಪಾಸಿಟರ್ ಮೂರೂ ಬದಲಾದ ಮೇಲೆ ಗೆರೆ ಬಿಚ್ಚಿಕೊಂಡು ಪರದೆ ತುಂಬಿತು. ಆದರೆ ಮೇಲಿನ ಎರಡು ಬೆರಳಗಲ ಚಿತ್ರ ಮಡಚಿಕೊಂಡಿತ್ತು. ಸಾಲುಗಳನ್ನು ಕೆಳಗಿನಿಂದ ಮತ್ತೆ ಮೇಲಕ್ಕೆ ಎತ್ತುವ ಕ್ಷಣದಲ್ಲಿ ಐಸಿಗೆ ಹೆಚ್ಚಿನ ವೋಲ್ಟೇಜು ಒದಗಿಸುವ ಇನ್ನೊಂದು 100 ಮೈಕ್ರೋಫ್ಯಾರಡ್ ಕಪಾಸಿಟರು ಇರುತ್ತದೆ; ಅದು ಆರಿದರೆ ಹೀಗೆ. ಅದೂ ಬದಲಾಯಿತು. ನನ್ನ ವಾದಕ್ಕೆ ಅರ್ಧ ಗೆಲುವು ಅಂದುಕೊಂಡೆ. ಕಾಕಾ ಏನೂ ಹೇಳಲಿಲ್ಲ.

ಪರದೆಯನ್ನೇ ಓದುವ ಈ ವಿದ್ಯೆ ಎಲ್‌ಸಿಡಿಯ ಕಾಲಕ್ಕೆ ಸಲ್ಲುವುದಿಲ್ಲ. ಅಲ್ಲಿ ಬಂದರೆ ಚಿತ್ರ, ಇಲ್ಲದಿದ್ದರೆ ಕತ್ತಲೆ. ಬೋರ್ಡು ಬದಲಿಸು, ಪ್ಯಾನೆಲ್ ಬದಲಿಸು. ಟ್ಯೂಬಿನಲ್ಲಿ ಪ್ರತಿ ರೋಗಕ್ಕೂ ಒಂದು ಮುಖ. ಚಿತ್ರವೆಲ್ಲ ನಸುಗೆಂಪಾಗಿ ಕಂಡರೆ ಹಸಿರಿನ ಗನ್ನು ಕೆಲಸ ಬಿಟ್ಟಿದೆ, ಕುತ್ತಿಗೆಯ ಬೋರ್ಡಿನ ಮೂರು ಟ್ರಾನ್ಸಿಸ್ಟರುಗಳಲ್ಲಿ ಒಂದನ್ನು ನೋಡಬೇಕು. ಮೂಲೆಯಲ್ಲಿ ಹಸಿರು ನೇರಳೆ ಕಲೆ ಕೂತಿದ್ದರೆ ಯಾರೋ ಸ್ಪೀಕರನ್ನು ಹತ್ತಿರ ಇಟ್ಟಿದ್ದಾರೆ, ಪರದೆಯ ಹಿಂದಿನ ಕಬ್ಬಿಣದ ಜಾಲರಿಗೆ ಅಯಸ್ಕಾಂತ ಹತ್ತಿದೆ. ಡಿಗಾಸ್ ಕಾಯಿಲ್ ಹಿಡಿದು ಗುಂಡಗೆ ತಿರುಗಿಸುತ್ತ ದೂರ ಸರಿದು ಸ್ವಿಚ್ ತೆಗೆದರೆ ಹೋಗುತ್ತದೆ. ಹತ್ತಿರವೇ ಸ್ವಿಚ್ ತೆಗೆದರೆ ಇನ್ನೂ ದೊಡ್ಡ ಕಲೆ ಕೂರುತ್ತದೆ. ಪ್ರಕಾಶಮಾನವಾದ ದೃಶ್ಯ ಬಂದಾಗ ಚಿತ್ರ ಉಬ್ಬಿ, ಕತ್ತಲ ದೃಶ್ಯಕ್ಕೆ ಕುಗ್ಗಿದರೆ ಹೈ ವೋಲ್ಟೇಜು ನಿಲ್ಲುತ್ತಿಲ್ಲ.

ದಡ್ಡಿಯಂಥ ಮಳೆಯ ಊರಿಗೇ ಮೀಸಲಾದ ರೋಗವೊಂದಿದೆ. ಬೆಳಿಗ್ಗೆ ಸೆಟ್ ಹಚ್ಚಿದರೆ ಚಿತ್ರವೆಲ್ಲ ಮಸುಕು ಮಸುಕು, ಅರ್ಧ ಗಂಟೆಯಲ್ಲಿ ತಾನೇ ನೆಟ್ಟಗಾಗುತ್ತದೆ. ಮನೆಯವರು ಟ್ಯೂಬ್ ಹೋಯಿತು ಅಂದುಕೊಳ್ಳುತ್ತಾರೆ. ಹೋದದ್ದು ಟ್ಯೂಬಿನ ಹಿಂಬದಿಗೆ ಚುಚ್ಚಿರುವ ಸಾಕೆಟ್ಟು. ಅದರಲ್ಲಿ ಫೋಕಸ್ ಪಿನ್ನಿನ ಸುತ್ತ ಸಣ್ಣ ಪ್ಲಾಸ್ಟಿಕ್ ಗೂಡಿರುತ್ತದೆ. ಥಂಡಿ ಹಿಡಿದು ಒಳಗೆ ಹಸಿರು ಕಿಲುಬು ಕಟ್ಟಿ ಸಾವಿರಾರು ವೋಲ್ಟಿನ ಫೋಕಸ್ ಅಲ್ಲೇ ಸೋರುತ್ತದೆ. ಸೆಟ್ ಕಾದಾಗ ತೇವ ಆರಿ ಚಿತ್ರ ನೆಟ್ಟಗಾಗುತ್ತದೆ. ಸಾಕೆಟ್ಟು ಅಗ್ಗ. ಅದನ್ನು ಬದಲಿಸದೆ ಟ್ಯೂಬೇ ವೀಕ್ ಎಂದು ಹೇಳಿ ಸೆಟ್ಟನ್ನು ಗುಜರಿಗೆ ಹಾಕಿಸಿದವರೂ ಇದ್ದಾರೆ.

ಆಟದ ಬೋರ್ಡನ್ನು ಟಿವಿಗೆ ಜೋಡಿಸುವುದು ಮಾತ್ರ ಈ ಮೆಕ್ಯಾನಿಕ್‌ಗಳು ಇಲ್ಲೇ ಕಲಿತ ವಿದ್ಯೆ. ಟಿವಿ ಕೇಳುವುದು ಆಂಟೆನಾದ ಅಥವಾ ಕೇಬಲ್ಲಿನ ಒಂದೇ ವೈರು. ಬೋರ್ಡು ಕೊಡುವುದು ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು, ಸಾಲುಗಳ ತಾಳ ಹೇಳುವ ಸಿಂಕ್ ಇನ್ನೊಂದು, ಹೀಗೆ ಬಿಡಿ ವೈರುಗಳು. ಜಪಾನಿನ ಕಂಪನಿಗಳು 1985ರಲ್ಲಿ ಜಾಮಾ ಎಂಬ ಕನೆಕ್ಟರನ್ನು ಒಪ್ಪಿಕೊಂಡ ಮೇಲೆ ಯಾವ ಆಟದ ಬೋರ್ಡಾದರೂ ಅದೇ ಸಾಕೆಟ್ಟಿಗೆ ಕೂರುತ್ತಿತ್ತು, ಆದರೆ ಟಿವಿಯ ಕಡೆಯ ತುದಿ ಇಲ್ಲಿಯವರ ತಲೆನೋವು. ಒಂದು ಉಪಾಯ ಹೀಗಿದೆ. ರಿಮೋಟು ಒತ್ತಿದಾಗ ಪರದೆಯ ಮೇಲೆ ಚಾನೆಲ್ ನಂಬರು ಹಸಿರು ಅಕ್ಷರದಲ್ಲಿ ಬರುತ್ತದಲ್ಲ, ಆ ಅಕ್ಷರಗಳನ್ನು ಟಿವಿಯ ಮುಖ್ಯ ಐಸಿಗೆ ತರುವ ಕಾಲುಗಳು ಬೇರೆಯೇ ಇರುತ್ತವೆ. ಆಟದ ಮೂರು ಬಣ್ಣವನ್ನು ಆ ದಾರಿಯಲ್ಲೇ ಒಳಗೆ ಬಿಡುವುದು. ಬೋರ್ಡಿನ ಸಿಗ್ನಲ್ಲು ಟಿವಿ ತಾಳುವುದಕ್ಕಿಂತ ಹಲವು ಪಟ್ಟು ಜೋರು, ಹಾಗಾಗಿ ನಡುವೆ ಪ್ರೀಸೆಟ್ ಹಾಕಿ ಇಳಿಸಬೇಕು. ನಮ್ಮ ಟಿವಿಯಲ್ಲಿ ಚಿತ್ರ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಗೆ ಇಳಿದರೆ ಆಟದ ಬೋರ್ಡಿನದು ಸುಮಾರು 60. ಹಳೆಯ ಸೆಟ್ಟಾದರೆ ಚಿತ್ರ ಉರುಳುತ್ತದೆ, ವರ್ಟಿಕಲ್ ಹೋಲ್ಡ್ ತಿರುಗಿಸಿ ನಿಲ್ಲಿಸಬೇಕು. ನಮ್ಮ ಡಬ್ಬಿಯಲ್ಲೂ ಚಿತ್ರ ಉರುಳುತ್ತಿತ್ತು. ಅದಕ್ಕೆ ಕಾರಣ ಮಾತ್ರ ಇಲಿ, ಸಿಂಕ್ ವೈರನ್ನೇ ಆರಿಸಿ ಕಡಿದಿತ್ತು.

ಒಂದು ವಿಷಯದಲ್ಲಿ ಈ ಊರ ಡಬ್ಬಿಗಳನ್ನು ಹೊಗಳುವ ಹಾಗಿಲ್ಲ. ಹಲವು ಟಿವಿ ಕಿಟ್ಟುಗಳ ಅರ್ಥ್ ಕರೆಂಟಿನ ವೈರಿನ ಜೊತೆ ನೇರ ಸೇರಿಕೊಂಡಿರುತ್ತದೆ. ಟಿವಿಯ ಸುತ್ತ ಪ್ಲಾಸ್ಟಿಕ್ ಇರುವುದರಿಂದ ಮನೆಯಲ್ಲಿ ಅಪಾಯವಿಲ್ಲ. ಅದನ್ನೇ ತಂದು ಗೇಮ್ ಬೋರ್ಡಿನ ಅರ್ಥ್‌ಗೆ ಸೇರಿಸಿದರೆ ಕಬ್ಬಿಣದ ನಾಣ್ಯದ ಬಾಗಿಲು, ಜಾಯ್‌ಸ್ಟಿಕ್ಕಿನ ಪ್ಲೇಟು ಎಲ್ಲದಕ್ಕೂ ಕರೆಂಟು. ನಾಣ್ಯ ಹಾಕುವಾಗ ಬೆರಳು ಝುಂ ಅಂದದ್ದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಆಗ ಅದನ್ನೂ ಆಟದ ಭಾಗವೆಂದು ನಕ್ಕೆವು. ಅಸಲಿ ಆರ್ಕೇಡ್ ಕ್ಯಾಬಿನೆಟ್ಟುಗಳಲ್ಲಿ ಮಾನಿಟರಿಗೆಂದೇ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಖರ್ಚು ಉಳಿಸಲು ಇಲ್ಲಿ ಅದನ್ನು ಬಿಟ್ಟವರಿದ್ದರು. ದಡ್ಡಿಯ ಡಬ್ಬಿಗೂ ಇರಲಿಲ್ಲ. ಅದು ಬಂದು ಕೂರುವವರೆಗೆ ಮಕ್ಕಳ ಕೈಗೆ ಕೊಡುವ ಮಾತೇ ಇಲ್ಲ ಎಂದು ಕಾಕಾ ಹಟ ಹಿಡಿದರು, ಮತ್ತು ಯಜಮಾನರ ಮುಖ ನೋಡದೆ ಅದರ ದುಡ್ಡನ್ನು ಲೆಕ್ಕಕ್ಕೆ ಸೇರಿಸಿದರು.

ಈ ವಿದ್ಯೆ ನಮ್ಮ ಸೀಮೆಗೆ ಬಂದ ದಾರಿ ಸ್ವಾರಸ್ಯದ್ದು. ಉತ್ತರ ಕರ್ನಾಟಕದ ಹಳ್ಳಿಗಳು ಟಿವಿ ಕಂಡದ್ದು ಬೆಂಗಳೂರಿನವರಿಗಿಂತ ಮೊದಲು. 1975ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷ ನಡೆದ ಸೈಟ್ ಯೋಜನೆಯಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಕಾರ್ಯಕ್ರಮ ಬಂತು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬಿಜಾಪುರ ಜಿಲ್ಲೆ ಎಂದರೆ ಆಗ ನಮ್ಮ ಪಕ್ಕದ ಗೋಕಾಕ ತಾಲ್ಲೂಕಿನ ನೆರೆಯೇ. ಕೋಳಿ ಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಡಿಶ್, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಬ್ಲ್ಯಾಕ್ ಆ್ಯಂಡ್ ವೈಟ್ ಸೆಟ್ಟು. ಗುಲ್ಬರ್ಗಾ ದೂರದರ್ಶನ ಕೇಂದ್ರ 1977ರಲ್ಲಿ, ಬೆಂಗಳೂರಿನದು 1981ರಲ್ಲಿ. ಬೆಂಗಳೂರಿನ ಬಿಇಎಲ್ ಕಾರ್ಖಾನೆ ಬ್ಲ್ಯಾಕ್ ಆ್ಯಂಡ್ ವೈಟ್ ಪಿಕ್ಚರ್ ಟ್ಯೂಬುಗಳನ್ನು ತಾನೇ ತಯಾರಿಸುತ್ತಿತ್ತು. 1982ರ ಏಷ್ಯನ್ ಗೇಮ್ಸ್ ಕಲರ್ ತಂದರೆ, 1987ರ ಜನವರಿಯಲ್ಲಿ ಶುರುವಾದ ‘ರಾಮಾಯಣ’ ಟಿವಿಯನ್ನು ಊರೂರಿಗೆ ತಂದಿತು. ಭಾನುವಾರ ಬೆಳಿಗ್ಗೆ ಸೆಟ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಐಟಿಐಗಳಲ್ಲಿ ‘ಮೆಕ್ಯಾನಿಕ್ ರೇಡಿಯೋ ಆ್ಯಂಡ್ ಟಿವಿ’ ಎಂಬ ಟ್ರೇಡಿಗೆ ಸೀಟು ಸಿಕ್ಕರೆ ಅದೇ ಅದೃಷ್ಟವಾಗಿದ್ದ ಕಾಲ. ಅಲ್ಲಿ ಕಲಿತವರು ಒಂದು ಪಾಲು, ಅಂಗಡಿಯಲ್ಲಿ ಹುಡುಗನಾಗಿ ಸೇರಿ ಬೈಸಿಕೊಂಡು ಕಲಿತವರು ಮೂರು ಪಾಲು. ಕಾಕಾ ಎರಡನೆಯ ಗುಂಪು.

ಹಾಗೆ ನೋಡಿದರೆ ಗೇಮ್ ಡಬ್ಬಿಯೊಳಗೆ ಮನೆಯ ಟಿವಿ ಕೂರಿಸುವುದು ನಮ್ಮ ಬಡತನದ ಉಪಾಯವೊಂದೇ ಅಲ್ಲ. 1972ರಲ್ಲಿ ಅಟಾರಿ ಕಂಪನಿಯ ಅಲ್ ಅಲ್ಕಾರ್ನ್ ‘ಪಾಂಗ್’ನ ಮೊದಲ ಡಬ್ಬಿ ಕಟ್ಟಿದಾಗ ಅದರೊಳಗೆ ಇಟ್ಟದ್ದು ಅಂಗಡಿಯಿಂದ ಕೊಂಡು ತಂದ ಹಿಟಾಚಿ ಬ್ಲ್ಯಾಕ್ ಆ್ಯಂಡ್ ವೈಟ್ ಟಿವಿ. ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಹೆಂಡದಂಗಡಿಯಲ್ಲಿ ಇಟ್ಟರು. ಕೆಲವೇ ದಿನಕ್ಕೆ ಕೆಟ್ಟುಹೋಗಿದೆ ಬನ್ನಿ ಎಂದು ಕರೆ ಬಂತು. ಅಲ್ಕಾರ್ನ್ ಹೋಗಿ ಬಾಗಿಲು ತೆಗೆದರೆ ಟಿವಿಯೂ ಸರಿ, ಬೋರ್ಡೂ ಸರಿ. ನಾಣ್ಯ ಬೀಳುವ ಡಬ್ಬ ತುಂಬಿ ತುಳುಕಿ ಹೊಸ ನಾಣ್ಯ ಒಳಗೆ ಹೋಗುತ್ತಿರಲಿಲ್ಲ. ಈ ಕತೆ ಹೇಳಿದಾಗ ಕಾಕಾ ಜೋರಾಗಿ ನಕ್ಕರು. ಅಂಥ ರೋಗದ ಡಬ್ಬಿ ತಮಗೆ ಒಂದೂ ಸಿಗಲಿಲ್ಲವಂತೆ.

ಟ್ಯೂಬು ಕಿತ್ತೊಗೆದು ಎಲ್‌ಸಿಡಿ ಹಾಕಬಾರದೇ ಎಂದು ಯಜಮಾನರ ಮಗ ಕೇಳಿದ. ಸಾವಿರದೈನೂರಕ್ಕೆ ಕನ್ವರ್ಟರ್ ಬೋರ್ಡು ಸಿಗುತ್ತದೆ, ತೂಕವೂ ಇಳಿಯುತ್ತದೆ. ಕೇಳಿದ್ದರಲ್ಲಿ ತಪ್ಪಿಲ್ಲ. ಜಾತ್ರೆಯಲ್ಲಿ ದುಡ್ಡು ಮಾಡುವುದೇ ಉದ್ದೇಶವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕ್ಯಾಪ್‌ಕಾಮ್‌ನವರು ಈ ಆಟದ ಚಿತ್ರಗಳನ್ನು 384 ಅಡ್ಡ, 224 ಉದ್ದ ಬಿಂದುಗಳಲ್ಲಿ ಬರೆದದ್ದು ಟ್ಯೂಬಿನ ಪರದೆ ಅವನ್ನು ಸ್ವಲ್ಪ ಹರಡಿ, ಸಾಲುಗಳ ನಡುವೆ ಕತ್ತಲು ಬಿಟ್ಟು ತೋರಿಸುತ್ತದೆ ಎಂಬ ಲೆಕ್ಕದಲ್ಲಿ. ಎಲ್‌ಸಿಡಿಯಲ್ಲಿ ಅದೇ ಚಿತ್ರ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಕನ್ವರ್ಟರು ಚಿತ್ರವನ್ನು ಹಿಡಿದು, ಹಿಗ್ಗಿಸಿ, ಮುಂದೆ ಕಳಿಸುವಷ್ಟರಲ್ಲಿ ಗುಂಡಿ ಒತ್ತಿದ ಬೆರಳಿಗೂ ಒದೆಯುವ ಕಾಲಿಗೂ ನಡುವೆ ಸಣ್ಣ ಅಂತರ ಬೀಳುತ್ತದೆ. ಹಳೆಯ ಪಿಸ್ತೂಲಿನ ಆಟಗಳಂತೂ ಎಲ್‌ಸಿಡಿಯಲ್ಲಿ ನಡೆಯುವುದೇ ಇಲ್ಲ. ಆ ಪಿಸ್ತೂಲು ನೋಡುವುದು ಓಡುವ ಬಿಂದುವನ್ನೇ, ಓಡುವ ಬಿಂದು ಟ್ಯೂಬಿನಲ್ಲಿ ಮಾತ್ರ ಇರುತ್ತದೆ.

ಕೊನೆಗೆ ಟ್ಯೂಬಿನ ಮಾತಿಗೇ ಬರಬೇಕಾಯಿತು. ಚಿತ್ರ ನಿಂತಿತು, ಬಣ್ಣ ಬಂತು, ಮುಸ್ತಫಾ ಟೋಪಿ ಹಾಕಿಕೊಂಡು ಬಂದ. ಆದರೆ ಮಂಕು. ಕ್ಯಾಥೋಡುಗಳ ಮೇಲಿನ ಲೇಪ ಸವೆದು ಎಲೆಕ್ಟ್ರಾನು ಬಿಡುವ ಶಕ್ತಿ ಇಳಿದಿತ್ತು. ಪರದೆಯ ಒಂದು ಕಡೆ ನಾಣ್ಯ ಹಾಕಿ ಎನ್ನುವ ಇಂಗ್ಲಿಷ್ ಅಕ್ಷರಗಳು ಸೆಟ್ ಬಂದ್ ಇದ್ದಾಗಲೂ ನೆರಳಿನ ಹಾಗೆ ಓದಲು ಬರುತ್ತಿದ್ದವು. ಅದಕ್ಕೆ ಮದ್ದಿಲ್ಲ. ಮಂಕಿಗೆ ಮಾತ್ರ ಮೆಕ್ಯಾನಿಕ್‌ಗಳ ಒಂದು ಹಳೆಯ ಉಪಾಯವಿದೆ. ಟ್ಯೂಬಿನ ಫಿಲಮೆಂಟಿಗೆ ಬೇಕಾದ 6.3 ವೋಲ್ಟು ಎಲ್‌ಓಟಿಯಿಂದಲೇ ಬರುತ್ತದೆ. ಎಲ್‌ಓಟಿಯ ಕಪ್ಪು ಫೆರೈಟ್ ಕೋರಿಗೆ ಒಳ್ಳೆಯ ಇನ್ಸುಲೇಷನ್ನಿನ ವೈರನ್ನು ಒಂದು ಸುತ್ತು ಸುತ್ತಿ ಫಿಲಮೆಂಟಿನ ಸಾಲಿಗೆ ಸೇರಿಸಿದರೆ ವೋಲ್ಟೇಜು ತುಸು ಏರುತ್ತದೆ, ಕ್ಯಾಥೋಡು ಹೆಚ್ಚು ಕಾಯುತ್ತದೆ, ಬೆಳಕು ಬರುತ್ತದೆ. ಸುತ್ತಿದ ದಿಕ್ಕು ತಪ್ಪಿದರೆ ಇನ್ನೂ ಇಳಿಯುತ್ತದೆ, ಆಗ ವೈರಿನ ತುದಿಗಳನ್ನು ಅದಲುಬದಲು ಮಾಡಬೇಕು. ಕಾಕಾ ಸುತ್ತಿದರು. ಮುಸ್ತಫಾನ ಟೋಪಿ ಹಳದಿಯಾಯಿತು. ಇದು ಆರು ತಿಂಗಳೋ ವರ್ಷವೋ ನಡೆದೀತು. ಹೆಚ್ಚು ಕಾಯಿಸಿದಷ್ಟೂ ಉಳಿದದ್ದು ಬೇಗ ಮುಗಿಯುತ್ತದೆ.

ಮುಗಿದ ಟ್ಯೂಬನ್ನು ಹೊಲದ ಬದುವಿಗೆ ಎಸೆಯುವ ಹಾಗಿಲ್ಲ. ಹಿಂಬದಿಯ ಆಲಿಕೆಯಾಕಾರದ ಗಾಜಿನಲ್ಲಿ ಕ್ಷ-ಕಿರಣ ತಡೆಯಲೆಂದು ಬೆರೆಸಿದ ಸೀಸದ ಆಕ್ಸೈಡು ತೂಕದ ಐದನೇ ಒಂದು ಪಾಲಿಗೂ ಮೇಲಿರುತ್ತದೆ. ದೇಶದ ಮೊದಲ ಇ-ತ್ಯಾಜ್ಯ ನಿಯಮ 2012ರ ಮೇ ತಿಂಗಳಲ್ಲಿ ಜಾರಿಗೆ ಬಂತು, ಈಗಿನದು ಜಾರಿಯಲ್ಲಿರುವುದು 2023ರ ಏಪ್ರಿಲ್‌ನಿಂದ. ಆದರೆ ನಮ್ಮ ಕಡೆ ಗುಜರಿಯವನು ಯೋಕ್‌ನ ತಾಮ್ರ ಬಿಚ್ಚಿಕೊಂಡು ಟ್ಯೂಬನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಒಳಗೆ ಗಾಳಿಯಿಲ್ಲದ ಟ್ಯೂಬು ಒಡೆದರೆ ಗಾಜು ಒಳಕ್ಕೆ ಕುಸಿದು ಮೇಲೆ ಸಿಡಿಯುತ್ತದೆ, ಅದನ್ನು ಕಲ್ಲು ಹೊಡೆದು ನೋಡುವ ಹುಡುಗರೂ ಇದ್ದಾರೆ.

ಹಳೆಯ ಟ್ಯೂಬಿನ ಜಾಗಕ್ಕೆ ಇನ್ನೊಂದು ಹಳೆಯ ಟ್ಯೂಬು ಹುಡುಕುವುದೇ ಈಗ ಉಳಿದ ದಾರಿ. ಯಾರ ಅಟ್ಟದ ಮೇಲಾದರೂ ಇಪ್ಪತ್ತೊಂದು ಇಂಚಿನ ಸೆಟ್ಟು ಇರಬಹುದು, ಅದರ ಕಿಟ್ಟು ಸತ್ತಿದ್ದರೂ ಚಿಂತೆಯಿಲ್ಲ. ಯಜಮಾನರು ಪಾಶ್ಚಾಪುರದಲ್ಲಿ ಬೀಗರ ಮನೆಯಲ್ಲಿ ಒಂದಿದೆ, ಫೋನ್ ಮಾಡುತ್ತೇನೆ ಅಂದರು. ಕಾಕಾ ಚೀಲದ ಜಿಪ್ಪು ಎಳೆಯುತ್ತ ಅವರನ್ನು ತಡೆದರು.

“ಫೋನ್ ಮಾಡ್ರಿ, ಆದ್ರ ದೊಡ್ಡದೈತಿ ಸಣ್ಣದೈತಿ ಅಂತ ಕೇಳಬ್ಯಾಡ್ರಿ. ಹಿಂದಿನ ಮುಚ್ಚಳಾ ತಗದು ಕುತಗಿ ನೋಡಾಕ ಹೇಳ್ರಿ. ನಮ್ಮ ಯೋಕ್ ದಪ್ಪ ಕುತಗೀದು. ಸಣ್ಣ ಕುತಗೀದು ಇದ್ರ ಬ್ಯಾಡ. ಮತ್ತ ಮುಚ್ಚಳಾ ತಗಿಯೂ ಮೊದಲ ಪ್ಲಗ್ ಕೀಳಾಕ ಹೇಳ್ರಿ, ಕೆಂಪು ವೈರಿನ ರಬ್ಬರ್ ಮುಟ್ಟಬ್ಯಾಡಂತ ಹೇಳ್ರಿ. ನಾ ಬಂದ್ ಮ್ಯಾಲ ನೋಡೂಣು.”